ಓಮ್ನಿಗೆ ದೊಡ್ಡ ವೀಲ್ ಹಾಕಿಸಿ ಕೆಳಕ್ಕಿಳಿಸುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ

ಮಾರುತಿ ಓಮ್ನಿ ವ್ಯಾನನ್ನೋ ಈಕೋವನ್ನೋ 'ಲೋ' ಮಾಡಿಸಿ, ಅಂದರೆ ಬಾಡಿ ಕೆಳಕ್ಕಿಳಿಸಿ, ಅಲಾಯ್ ವೀಲ್ ಹಾಕಿಸಬೇಕು ಅಂತ ಲೆಕ್ಕ ಹಾಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ರೀಲ್ಸ್ ನೋಡಿದರೆ ಆಸೆ ಆಗೋದು ಸಹಜ. ಸಪಾಟಾದ ರಸ್ತೆ, ಖಾಲಿ ಗಾಡಿ, ಸಂಜೆ ಬಿಸಿಲು. ಅದೇ ಗಾಡಿ ಸಾಮಾನು ಹೇರಿಕೊಂಡು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಗೆ ತಿರುಗೋದನ್ನು ಯಾರೂ ರೀಲ್ ಮಾಡಿ ಹಾಕಲ್ಲ.

ನಮ್ಮದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರ, ರಾಜಾಜಿನಗರದ ಕಡೆ. ಗಾಡಿ 2010ರ ಓಮ್ನಿ. ಹಿಂದಿನ ಸೀಟು ಮಡಚಿದರೆ ಎರಡು ದೊಡ್ಡ ಸ್ಪೀಕರ್, ಆಂಪ್ಲಿಫೈಯರ್, ಸ್ಟ್ಯಾಂಡು, ವೈರಿನ ಮೂಟೆ ಎಲ್ಲ ಹಿಡಿಯುತ್ತೆ. ಓಡಿಸೋದು ನಾನು, ಅಂದಚಂದ ನೋಡಿಕೊಳ್ಳೋದು ತಮ್ಮ. ಗಣೇಶನ ಹಬ್ಬದ ಸೀಸನ್‌ಗೆ ಮುಂಚೆ ಗಾಡಿ ಜನರ ಕಣ್ಣಿಗೆ ಬೀಳುವ ಹಾಗಿರಬೇಕು ಅಂತ ಅವನೇ ಒಂದು ಮಾಡಿಫಿಕೇಶನ್ ಅಂಗಡಿಗೆ ಬಿಟ್ಟ. ಅಂಗಡಿಯ ಹೆಸರು ಬೇಡ. ಇಂಥ ಅಂಗಡಿಗಳು ಊರಲ್ಲಿ ಬೇಕಾದಷ್ಟಿವೆ, ಮಾತು ಎಲ್ಲರದ್ದೂ ಒಂದೇ.

ಮಾಡಿದ ಕೆಲಸ ಇಷ್ಟು. ಕಂಪನಿಯ 12 ಇಂಚಿನ ಸ್ಟೀಲ್ ರಿಮ್ ತೆಗೆದು 14 ಇಂಚಿನ ಸೆಕೆಂಡ್ ಹ್ಯಾಂಡ್ ಅಲಾಯ್ ಹಾಕಿದರು. ಟೈರು 145 ಆರ್12 ಇದ್ದದ್ದು 185/60 ಆರ್14 ಆಯ್ತು. ಮೊದಲ ನಂಬರು ಟೈರಿನ ಅಗಲ ಮಿ.ಮೀ. ಲೆಕ್ಕದಲ್ಲಿ, 60 ಅನ್ನೋದು ಅದರ ಗೋಡೆ (ಪಕ್ಕದ ಭಾಗ) ಅಗಲದ ನೂರಕ್ಕೆ ಎಷ್ಟು ಎತ್ತರ ಅಂತ, ಕೊನೆಯದು ರಿಮ್ಮಿನ ಇಂಚು. ಮುಂದಿನ ಕಾಯಿಲ್ ಸ್ಪ್ರಿಂಗ್ ಕತ್ತರಿಸಿದರು. ಹಿಂದೆ ಕಮಾನ್ ಪಟ್ಟಿಯಲ್ಲಿ (ಲೀಫ್ ಸ್ಪ್ರಿಂಗ್) ಒಂದೆಳೆ ಕಳಚಿದರು. ಗಾಡಿ ಸುಮಾರು ಎರಡು ಇಂಚು ಕೆಳಗೆ ಕೂತಿತು. ಬಿಲ್ಲು 40,000 ದಾಟಿತು. ನೋಡೋಕೆ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನಲ್ಲ.

ಅಂಗಡಿಯವರು ಹೇಳುವ ಒಂದು ಲೆಕ್ಕ ಇದೆ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ವೀಲ್ ದೊಡ್ಡದಾದರೆ ಗಾಡಿ ಮೇಲೇಳುತ್ತೆ, ಸ್ಪ್ರಿಂಗ್ ಕತ್ತರಿಸಿದರೆ ಕೆಳಗಿಳಿಯುತ್ತೆ, ಅಲ್ಲಿಗಲ್ಲಿಗೆ ಸರಿಹೋಗುತ್ತೆ ಸಾರ್. ಇದು ಅವರ ವಾದ. ಕೇಳಿದ ತಕ್ಷಣ ಹೌದಲ್ವಾ ಅನ್ನಿಸುತ್ತೆ. ನೆಲದಿಂದ ಅಳೆದರೆ ಒಂದಿಷ್ಟು ನಿಜವೂ ಹೌದು. 145 ಆರ್12 ಅಂತ ಮಾತ್ರ ಬರೆದಿರುವ ಟೈರಿನ ಗೋಡೆ ಅಗಲದ ಸುಮಾರು ನೂರಕ್ಕೆ 80ರಷ್ಟು ಎತ್ತರ ಇರುತ್ತೆ. ಹಾಗಾಗಿ ಅದರ ಒಟ್ಟು ಎತ್ತರ 540 ಮಿ.ಮೀ. ಆಸುಪಾಸು. ಹೊಸದರದ್ದು 578 ಮಿ.ಮೀ. ಅಂದರೆ ಆಕ್ಸಲ್ 19 ಮಿ.ಮೀ. ಮೇಲೇರಿತು, ಬಾಡಿ 50 ಮಿ.ಮೀ. ಇಳಿಯಿತು. ನೆಲದಿಂದ ಕಳೆದುಕೊಂಡದ್ದು 31 ಮಿ.ಮೀ. ಅಷ್ಟೇ.

ಆದರೆ ಟೈರಿಗೂ ಅದರ ಮೇಲಿನ ತಗಡಿಗೂ ಮಧ್ಯೆ ಇರುವ ಜಾಗ ಅಳೆದು ನೋಡಿ. ಅಲ್ಲಿ ಕಳೆಯುವ ಲೆಕ್ಕ ಇಲ್ಲ, ಕೂಡುವ ಲೆಕ್ಕ. ಕೆಳಗಿಂದ ಟೈರು 19 ಮಿ.ಮೀ. ಮೇಲೆ ಬಂತು, ಮೇಲಿಂದ ಬಾಡಿ 50 ಮಿ.ಮೀ. ಕೆಳಗೆ ಬಂತು. ಒಟ್ಟು 69 ಮಿ.ಮೀ. ಜಾಗ ಹೋಯ್ತು. ಸಾಲದು ಅಂತ ಅಗಲ ಬೇರೆ 40 ಮಿ.ಮೀ. ಜಾಸ್ತಿ. ಗುಂಡಿಗೆ ಇಳಿದಾಗ, ಹಂಪು ಹತ್ತಿದಾಗ ವೀಲು ಮೇಲಕ್ಕೆ ಹೋಗೋಕೆ ಕಂಪನಿಯವರು ಬಿಟ್ಟಿದ್ದ ಜಾಗವೇ ಅದು. ದೊಡ್ಡ ವೀಲ್ ಒಂದೇ ಆಗಿದ್ದರೆ, ಅಥವಾ ಇಳಿಸೋದು ಒಂದೇ ಆಗಿದ್ದರೆ ಹೇಗೋ ತಳ್ಳಬಹುದಿತ್ತೇನೋ. ಎರಡನ್ನೂ ಒಟ್ಟಿಗೆ ಮಾಡಿದಾಗ ಒಂದು ಮಾಡಿದ ತೊಂದರೆಯನ್ನು ಇನ್ನೊಂದು ಸರಿಪಡಿಸಲ್ಲ, ದುಪ್ಪಟ್ಟು ಮಾಡುತ್ತೆ.

ಖಾಲಿ ಗಾಡಿಯಲ್ಲಿ ಇದು ಗೊತ್ತಾಗಲೇ ಇಲ್ಲ. ಅಂಗಡಿಯಿಂದ ಮನೆಗೆ ಬರುವಾಗ ಹಂಪಿನಲ್ಲಿ ಸೈಲೆನ್ಸರ್ ಒಂದೆರಡು ಕಡೆ ಉಜ್ಜಿತು, ಅಷ್ಟೇ. ನಮ್ಮ ಹಂಪುಗಳ ವಿಷಯ ನಿಮಗೇ ಗೊತ್ತು. ರಸ್ತೆಗಳ ಅಳತೆ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹತ್ತಿದ್ದೇ ತಿಳಿಯದ ಹಾಗೆ ಹತ್ತಿ ಇಳಿಯುವ ಅಳತೆ ಅದು. ನಮ್ಮ ಬೀದಿಯಲ್ಲಿರೋದು ಒಂದು ಗಾಡಿ ಟಾರು ಸುರಿದು ಅಲ್ಲೇ ಬಿಟ್ಟುಹೋದ ದಿಬ್ಬಗಳು.

ನಿಜವಾದ ಪೂಜೆ ಆಗಿದ್ದು ಹಬ್ಬದ ಸಮಯದಲ್ಲಿ. ನಾಗರಭಾವಿ ಕಡೆ ಆರ್ಕೆಸ್ಟ್ರಾ ಮುಗಿಸಿ ತಡರಾತ್ರಿ ಲೋಡು ತುಂಬಿಕೊಂಡು ಬರುತ್ತಿದ್ದೆವು. ಮಾಗಡಿ ರೋಡಿನಿಂದ ಎಡಕ್ಕೆ ಒಂದು ಕ್ರಾಸಿಗೆ ತಿರುಗಿಸಿದೆ. ಬಾಯಲ್ಲೇ ಹಂಪು. ಓಮ್ನಿಯಲ್ಲಿ ಡ್ರೈವರ್ ಕೂರೋದೇ ಮುಂದಿನ ವೀಲಿನ ಮೇಲೆ, ಅದು ಓಡಿಸಿದವರಿಗೆ ಗೊತ್ತು. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಕ್ಕೆ ವಾಲುತ್ತೆ. ಹಂಪು ಇಳಿಯುವ ಹೊತ್ತಿಗೆ ನನ್ನ ಸೀಟಿನ ಕೆಳಗೆ ಕರ್ರ್ ಅಂತ ಶಬ್ದ. ಸ್ಟೀರಿಂಗ್ ಯಾರೋ ಹಿಡಿದುಕೊಂಡ ಹಾಗೆ ನಿಂತುಬಿಟ್ಟಿತು. ತಿರುಗಲೂ ಇಲ್ಲ, ನೇರಕ್ಕೂ ಬರಲಿಲ್ಲ. ಸ್ಪೀಡು ಇರಲಿಲ್ಲ, ಎದುರಿಗೆ ಗಾಡಿ ಇರಲಿಲ್ಲ. ಗೋಡೆ ಪಕ್ಕದಲ್ಲಿ ನಿಲ್ಲಿಸಿದ್ದ ಒಂದು ಸ್ಕೂಟರಿಗೆ ಮೊಳ ದೂರದಲ್ಲಿ ನಿಂತೆವು.

ತಮ್ಮ ಇಳಿದು ಮೊಬೈಲ್ ಟಾರ್ಚ್ ಹಾಕಿದ. ಟೈರಿನ ಭುಜದ ಮೇಲೆ ಬೆರಳುದ್ದದ ಸೀಳು. ವೀಲ್ ಆರ್ಚಿನ (ಟೈರಿನ ಮೇಲಿನ ತಗಡಿನ ಕಮಾನು) ಅಂಚಿನಲ್ಲಿ ಬಣ್ಣ ಪೂರ್ತಿ ಹೋಗಿ ತಗಡು ಥಳಥಳ ಹೊಳೆಯುತ್ತಿತ್ತು. ಒಂದೇ ಸಲಕ್ಕೆ ಹೊಳಪು ಬರೋ ಜಾಗ ಅಲ್ಲ ಅದು. ಎಷ್ಟು ದಿನದಿಂದ ಸದ್ದಿಲ್ಲದೆ ಉಜ್ಜುತ್ತಿತ್ತೋ. ಒಳಗೆ ಮೂಲೆಯಲ್ಲಿ ರಬ್ಬರ್ ಪುಡಿ ಕಾಡಿಗೆ ಥರ ಮೆತ್ತಿಕೊಂಡಿತ್ತು, ಸುಟ್ಟ ವಾಸನೆ ಬೇರೆ.

ಮಾರನೇ ದಿನ ಅಂಗಡಿಗೆ ಫೋನ್ ಮಾಡಿದರೆ ಮೊದಲು 'ಸ್ವಲ್ಪ ಓಡಿಸಿ ಸಾರ್, ಸೆಟ್ ಆಗುತ್ತೆ' ಅಂದರು. ಟೈರು ಸೀಳಿದೆ ಅಂದ ಮೇಲೆ 'ಲೋಡು ಹಾಕಬೇಡಿ' ಅಂದರು. ವ್ಯಾನಿಗೆ ಲೋಡು ಹಾಕಬೇಡಿ! ಕೊನೆಗೆ ಆರ್ಚಿನ ಅಂಚನ್ನು ಬಡಿದು ಮಡಚಿಕೊಡ್ತೀವಿ, ಅದಕ್ಕೆ ಬೇರೆ ಚಾರ್ಜು ಅಂದರು. ಬೇಡ, ಹಳೇ ರಿಮ್ಮು, ಕಳಚಿದ ಪಟ್ಟಿ ವಾಪಸ್ ಕೊಡಿ ಅಂದೆ. ಗುಜರಿಗೆ ಹಾಕಿಯಾಯ್ತಂತೆ.

ನಮ್ಮ ಹಳೇ ಮೆಕ್ಯಾನಿಕ್ ಹತ್ತಿರ ಹೋದೆವು. ಶಿವನಗರದಲ್ಲಿ ಮರದ ಕೆಳಗೆ ಕೆಲಸ ಮಾಡುವ ಮನುಷ್ಯ, ಮಾತು ಕಮ್ಮಿ. ಜಾಕ್ ಕೊಟ್ಟು ವೀಲ್ ಬಿಚ್ಚಿದವರು ಏನೂ ಹೇಳದೆ ನನ್ನ ಕೈ ಹಿಡಿದು ಬ್ರೇಕ್ ಹೋಸಿನ (ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪು) ಮೇಲೆ ಇಟ್ಟರು. ಅಗಲದ ಟೈರು ಪೂರ್ತಿ ತಿರುಗಿದಾಗಲೆಲ್ಲ ಒಳಬದಿಯಲ್ಲಿ ಅದಕ್ಕೆ ತಾಗುತ್ತಿತ್ತು. ಮೇಲಿನ ರಬ್ಬರ್ ಸವೆದು ಒಳಗಿನ ದಾರದ ನೇಯ್ಗೆ ಕೈಗೆ ಸಿಗುತ್ತಿತ್ತು. ತಗಡಿಗೆ ತಾಗಿದರೆ ಸದ್ದಾದರೂ ಬರುತ್ತೆ. ಹೋಸಿಗೆ ತಾಗಿದರೆ ಏನೂ ಕೇಳಿಸಲ್ಲ. ಇನ್ನೊಂದಿಷ್ಟು ದಿನ ಓಡಿಸಿದ್ದರೆ ಬ್ರೇಕ್ ಆಯಿಲ್ ರಸ್ತೆ ಮೇಲೆ, ನಾನು ಎಲ್ಲಿರುತ್ತಿದ್ದೆನೋ. ಇಷ್ಟುದ್ದ ಬರೆಯೋಕೆ ನಿಜವಾದ ಕಾರಣ ಈ ಹೋಸು.

ಮುಂದಿನ ಸ್ಪ್ರಿಂಗ್ ಬಿಚ್ಚಿದಾಗ ಇನ್ನೊಂದು ವಿಷಯ ಹೊರಗೆ ಬಂತು. ಕತ್ತರಿಸಿದ ತುದಿ ಗ್ಯಾಸ್ ಕಟ್ಟರಿನ ಬಿಸಿಗೆ ನೀಲಿ ಬಣ್ಣಕ್ಕೆ ತಿರುಗಿತ್ತು. ಸ್ಪ್ರಿಂಗ್ ಉಕ್ಕಿಗೆ ಒಂದು ಹದ ಕೊಟ್ಟಿರುತ್ತಾರೆ, ಹಾಗೆ ಸುಟ್ಟರೆ ಆ ಹದ ಹೋಗುತ್ತೆ, ಆಮೇಲೆ ಅಲ್ಲೇ ಬಿರುಕು ಬಿಡೋದು. ತುದಿ ತನ್ನ ಸೀಟಿನ ಮೇಲೆ ಸರಿಯಾಗಿ ಕೂತೂ ಇರಲಿಲ್ಲ. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತೆ, ಹಾಗಾಗಿ ಪ್ರತಿ ಗುಂಡಿಯ ಏಟೂ ನೇರ ಬಾಡಿಗೆ. ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್) ಎರಡೂ ಆಯಿಲ್ ಸೋರುತ್ತಿದ್ದವು. ಹಿಂದೆ ಪಟ್ಟಿ ಕಳಚಿದ ಕಡೆ ಇದರ ಉಲ್ಟಾ. ಅಲ್ಲಿ ಬಲ ಕಮ್ಮಿಯಾಗಿ, ಸ್ಪೀಕರ್ ಇಟ್ಟ ತಕ್ಷಣ ಆಕ್ಸಲ್ ಹೋಗಿ ಮೇಲಿನ ರಬ್ಬರ್ ಸ್ಟಾಪಿಗೆ ಕೂತುಬಿಡುತ್ತಿತ್ತು. ಮುಂದೆ ಬಿಗಿ, ಹಿಂದೆ ಸಡಿಲ. ಗಾಡಿ ಮಾರ್ಕೆಟ್ ರೋಡಿನಲ್ಲಿ ಕುಣಿಯುತ್ತಿದ್ದದ್ದು ಸುಮ್ನೆ ಅಲ್ಲ.

ಟೈರಿನ ಬಗ್ಗೆ ಒಂದು ಮಾತು. ಓಮ್ನಿಗೆ ಬರುವ ಟೈರಿನ ಮೇಲೆ ಎಲ್‌ಟಿ ಅಂತ ಬರೆದಿರುತ್ತೆ. ಭಾರ ಹೊರುವುದಕ್ಕೆಂದೇ ಮಾಡಿದ ಟೈರು, ಗೋಡೆ ದಪ್ಪ, ಗಾಳಿಯೂ ಜಾಸ್ತಿ ಹಿಡಿಯುತ್ತೆ. ನಮಗೆ ಹಾಕಿದ್ದು ಮಾಮೂಲಿ ಕಾರಿನ ಟೈರು, ಅದರ ಮೇಲೆ 82 ಅಂತಿತ್ತು. ಆ ನಂಬರಿಗೆ ಒಂದು ಟೈರು 475 ಕೆ.ಜಿ. ತನಕ ಹೊರಬಹುದು ಅಂತ ಅರ್ಥ, ಅದೂ ಗಾಳಿ ಸರಿಯಾಗಿದ್ದರೆ. ಕೇಳೋಕೆ ಜಾಸ್ತಿ ಅನ್ನಿಸುತ್ತೆ. ಆದರೆ ಹಿಂದಿನ ಆಕ್ಸಲ್ ಮೇಲೆ ಲೋಡೆಲ್ಲ ಕೂತು, ಒಂದು ಕಡೆ ಗುಂಡಿಗೆ ಬಿದ್ದಾಗ ಗೋಡೆ ಗಿಡ್ಡ ಇರುವ ಕಾರ್ ಟೈರು ರಿಮ್ಮಿಗೂ ಗುಂಡಿಯ ಅಂಚಿಗೂ ಮಧ್ಯೆ ಸಿಕ್ಕಿಕೊಳ್ಳುತ್ತೆ. ಹಿಂದಿನ ಎಡಗಡೆ ಟೈರು ಪಕ್ಕದಲ್ಲಿ ಉಬ್ಬಿತ್ತು. ನೈಸ್ ರೋಡಿನಂಥ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಅದು ಒಡೆದಿದ್ದರೆ ಅಂತ ಯೋಚಿಸೋಕೂ ಇಷ್ಟ ಇಲ್ಲ.

ಪಿಕಪ್ ಬಗ್ಗೆ ಜಾಸ್ತಿ ಹೇಳಲ್ಲ. 796 ಸಿಸಿ ಎಂಜಿನ್, ಮೊದಲೇ ಲೋಡಿಗೆ ಏದುಸಿರು ಬಿಡುತ್ತೆ. ವೀಲ್ ನೂರಕ್ಕೆ 7ರಷ್ಟು ದೊಡ್ಡದಾದರೆ ಪ್ರತಿ ಗೇರೂ ಅಷ್ಟೇ ಭಾರ. ಫ್ಲೈಓವರ್ ಹತ್ತುವಾಗ ಕ್ಲಚ್ ವಾಸನೆ. ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 64ರಲ್ಲಿರುತ್ತೆ, ಕ್ಯಾಮೆರಾ ಇರುವ ರೋಡಿನಲ್ಲಿ ನೆನಪಿರಲಿ.

ಇನ್ನು ಕಾನೂನು. ಅಂಗಡಿಯಲ್ಲಿ ಇದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಿದೆ. ದಂಡ ಬೀಳೋದು ಮಾಲೀಕನಿಗೆ, ಗಮನಿಸಿ. ಮೇಲಿನ ವೇರಿಯಂಟಿಗೆ ಕಂಪನಿಯೇ ದೊಡ್ಡ ವೀಲ್ ಕೊಟ್ಟಿದ್ದರೆ ವಾದ ಮಾಡೋಕಾದರೂ ಒಂದು ಎಳೆ ಇರುತ್ತೆ. ಓಮ್ನಿಗೆ 14 ಇಂಚು ಯಾವತ್ತೂ ಬಂದೇ ಇಲ್ಲ. ಓಮ್ನಿ ಬರೋದು ನಿಂತದ್ದೇ 2019ರಲ್ಲಿ, ಹಾಗಾಗಿ ರಸ್ತೆ ಮೇಲಿರುವ ಓಮ್ನಿಗಳೆಲ್ಲ ಒಂದೊಂದಾಗಿ 15 ವರ್ಷ ತುಂಬಿ ಆರ್‌ಸಿ ರಿನ್ಯೂವಲ್‌ಗೆ ಬರುತ್ತಿವೆ. ಅಲ್ಲಿ ಗಾಡಿ ತೋರಿಸಲೇಬೇಕು. ನಮ್ಮದೂ ಆ ಸಾಲಿನಲ್ಲಿತ್ತು. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡೋದೂ ಇಂಥದ್ದನ್ನೇ. ತಿಳಿಸದೆ ಮಾಡಿಸಿದ ಬದಲಾವಣೆ ಅಂತ ಕ್ಲೇಮು ತಳ್ಳಿಹಾಕೋಕೆ ಅವರಿಗೆ ಕಾರಣ ಸಿಕ್ಕಂತೆ.

ಗಾಡಿಯನ್ನು ಮೊದಲಿನ ಹಾಗೆ ಮಾಡಿಸಿದೆವು. ಸ್ಪ್ರಿಂಗು, ಸ್ಟ್ರಟ್ಟು, ಹೋಸುಗಳನ್ನು ಜೆ.ಸಿ. ರೋಡಿನಲ್ಲಿ ಹೊಸದು ತಂದೆವು. ಸ್ಟೀಲ್ ರಿಮ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಅಲ್ಲಿ ರಿಮ್ ಕೊಳ್ಳುವಾಗ ನೆಲದ ಮೇಲೆ ಉರುಳಿಸಿ ಬೆಂಡ್ ಇದೆಯಾ ಅಂತ ನೋಡಿ ತನ್ನಿ. ಹೋಸು, ಸ್ಪ್ರಿಂಗನ್ನು ಮಾತ್ರ ಗುಜರಿಯಲ್ಲಿ ತರಬೇಡಿ, ಎಷ್ಟೇ ಅಗ್ಗ ಇರಲಿ. ವಾಪಸ್ ಮಾಡಿಸಿದ ಖರ್ಚು ಹಾಕಿಸಿದ ಖರ್ಚಿನ ಅರ್ಧಕ್ಕಿಂತ ಜಾಸ್ತಿಯೇ ಆಯ್ತು, ಸೀಸನ್ನಿನಲ್ಲಿ ಗಾಡಿ ನಿಂತು ಹೋದ ಬಾಡಿಗೆ ಬೇರೆ.

ಈಗಾಗಲೇ ಮಾಡಿಸಿಕೊಂಡಿರುವವರು ಒಂದು ಕೆಲಸ ಮಾಡಿ. ದಿನಾ ಎಷ್ಟು ಲೋಡು ಹಾಕುತ್ತೀರೋ ಅಷ್ಟನ್ನೂ ತುಂಬಿ, ಮುಂದೆ ಇಬ್ಬರು ಕೂತು, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಹಿಡಿಯಿರಿ. ಇನ್ನೊಬ್ಬರು ಟಾರ್ಚ್ ಹಿಡಿದು ವೀಲಿನ ಒಳಬದಿ ನೋಡಲಿ. ಆಮೇಲೆ ಇನ್ನೊಂದು ಕಡೆ ತಿರುಗಿಸಿ ನೋಡಿ. ಹೋಸಿಗೂ ಟೈರಿಗೂ ಮಧ್ಯೆ ಒಂದು ಬೆರಳು ಆರಾಮಾಗಿ ಹೋಗದಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ನನ್ನೇ ಅಲ್ಲಿಗೆ ಕರೆಸಿ. ಖಾಲಿ ಗಾಡಿಯಲ್ಲಿ ನೋಡಿ ಸರಿ ಇದೆ ಅನ್ನಬೇಡಿ. ಅಂಗಡಿಯವರು ತೋರಿಸಿದ್ದೂ ಖಾಲಿ ಗಾಡಿಯನ್ನೇ.

ಸೆಕೆಂಡ್ ಹ್ಯಾಂಡ್ ವ್ಯಾನ್ ಹುಡುಕುತ್ತಿರುವವರು, ಗಾಡಿಯಲ್ಲಿ ಈಗ ಕಂಪನಿ ರಿಮ್ ಇದೆ ಅಂತ ನೆಮ್ಮದಿಯಾಗಬೇಡಿ. ಮಾರುವ ಮುಂಚೆ ಅಲಾಯ್ ತೆಗೆದು ಬೇರೆ ಮಾರಿಕೊಳ್ಳುವವರು ತುಂಬ ಜನ. ವೀಲ್ ಆರ್ಚಿನ ಒಳಗಡೆ ಕೈ ಹಾಕಿ ಅಂಚು ಸವರಿ. ಬಡಿದು ಮಡಚಿದ್ದರೆ, ಅಲ್ಲಿ ಮಾತ್ರ ಹೊಸ ಬಣ್ಣ ಮೆತ್ತಿದ್ದರೆ, ಸ್ಪ್ರಿಂಗ್ ಕತ್ತರಿಸಿದ್ದಾರಾ ಅಂತ ಬಿಚ್ಚಿಸಿ ನೋಡಿ. ಬಿಚ್ಚೋಕೆ ಒಪ್ಪದವರ ಹತ್ತಿರ ಅಡ್ವಾನ್ಸ್ ಕೊಡಬೇಡಿ.