ಮಧ್ಯಾಹ್ನ ಒಂದಕ್ಕೆ ಬಾಗಿಲು ತೆಗೆದ ಬೇಕರಿ, ಅಲ್ಲಿನ ಆನ್‌ಜಾಕ್ ಬಿಸ್ಕತ್ತು

ಬಿಸ್ಕತ್ತು ಕೈಗೆ ಬಂದ ಕೂಡಲೇ ತಿರುಗಿಸಿ ತಳ ನೋಡುವುದು ನನ್ನ ಅಭ್ಯಾಸ. ಮೇಲ್ಭಾಗದ ಬಣ್ಣವನ್ನು ಸಕ್ಕರೆಯಿಂದಲೋ ಹಾಲು ಬಳಿದೋ ತರಿಸಬಹುದು, ತಳದ ಬಣ್ಣ ಮಾತ್ರ ಭಟ್ಟಿಯ ಶಾಖ ಎಷ್ಟಿತ್ತು ಅನ್ನುವುದನ್ನು ಹೇಳಿಬಿಡುತ್ತದೆ. ನಾನು ಹಾಸನದ ಕಡೆಯವನು. ಹದಿನೇಳನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಬೇಕರಿ ಕೆಲಸಕ್ಕೆ ಸೇರಿದೆ, ಆಮೇಲೆ ಜೆ.ಸಿ. ನಗರದ ಹತ್ತಿರ 31 ವರ್ಷ ಸ್ವಂತ ಬೇಕರಿ ನಡೆಸಿದೆ. ಈಗ ಮಗ ನೋಡಿಕೊಳ್ಳುತ್ತಿದ್ದಾನೆ. ನಾನೂ ನನ್ನ ಹೆಂಡತಿಯೂ ನಾಲ್ಕು ತಿಂಗಳ ಮಟ್ಟಿಗೆ ಮಗಳ ಮನೆಗೆ, ಮೆಲ್ಬರ್ನ್‌ನ ಪಶ್ಚಿಮದ ಸನ್‌ಶೈನ್‌ಗೆ ಬಂದಿದ್ದೇವೆ. ಇಲ್ಲಿನ ಒಂದು ಬೇಕರಿಯ ಬಗ್ಗೆ, ಅಲ್ಲಿ ತಿಂದ ಒಂದು ಬಿಸ್ಕತ್ತಿನ ಬಗ್ಗೆ ಬರೆಯಬೇಕು ಅನ್ನಿಸಿದೆ.

ಏಪ್ರಿಲ್ 25ರ ಬೆಳಿಗ್ಗೆ ಹಾಲು ಮುಗಿದಿತ್ತು. ಏಳೂವರೆಗೆ ಚೀಲ ಹಿಡಿದು ಸೂಪರ್ ಮಾರ್ಕೆಟ್‌ಗೆ ನಡೆದೆ. ಬಾಗಿಲು ಮುಚ್ಚಿತ್ತು, ಕಾರು ನಿಲ್ಲಿಸುವ ಜಾಗವೆಲ್ಲ ಖಾಲಿ. ಎದುರಿನ ರಸ್ತೆಯಲ್ಲಿ ಕೋಟು ಹಾಕಿದ ಹಿರಿಯರೊಬ್ಬರು ಮೊಮ್ಮಗಳ ಕೈ ಹಿಡಿದು ಬರುತ್ತಿದ್ದರು. ಇಬ್ಬರ ಎದೆಯ ಮೇಲೂ ಪದಕಗಳಿದ್ದವು. ಅಜ್ಜನದು ಎಡಗಡೆ, ಹುಡುಗಿಯದು ಬಲಗಡೆ. ಮನೆಗೆ ಬಂದು ಕೇಳಿದೆ.

"ಇವತ್ತು ಆನ್‌ಜಾಕ್ ಡೇ ಅಲ್ವಾಪ್ಪಾ, ನಿನ್ನೆನೇ ಹೇಳ್ಬೇಕಿತ್ತು ನಾನು. ಮಧ್ಯಾಹ್ನ ಒಂದು ಗಂಟೆವರೆಗೂ ದೊಡ್ಡ ಅಂಗಡಿ ಯಾವ್ದೂ ತೆಗೆಯಲ್ಲ. ಕಾನೂನೇ ಹಾಗಿದೆ" ಅಂದಳು ಮಗಳು. ತಾವು ಗಳಿಸಿದ ಪದಕವಾದರೆ ಎಡಕ್ಕೆ, ತೀರಿಕೊಂಡ ಹಿರಿಯರ ಪದಕವಾದರೆ ಬಲಕ್ಕೆ ಹಾಕಿಕೊಳ್ಳುತ್ತಾರೆ ಅಂತಲೂ ಅವಳೇ ಹೇಳಿದಳು.

1915ರ ಏಪ್ರಿಲ್ 25ರ ಬೆಳಗಿನ ಜಾವ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಪಡೆ ಟರ್ಕಿಯ ಗಲ್ಲಿಪೋಲಿ ತೀರದಲ್ಲಿ ಇಳಿಯಿತು. ಆ ಪಡೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಆನ್‌ಜಾಕ್. ಎಂಟು ತಿಂಗಳು ಕಾದಾಡಿಯೂ ಗೆಲ್ಲಲಾಗದೆ ಹಿಂದಿರುಗಿದರು. 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು, 2,700ಕ್ಕೂ ಹೆಚ್ಚು ನ್ಯೂಜಿಲೆಂಡಿನವರು ಅಲ್ಲೇ ಮಣ್ಣಾದರು. ಇಷ್ಟು ಜನರನ್ನು ಕಳೆದುಕೊಂಡು ಸೋತ ಆ ಕದನ ಶುರುವಾದ ದಿನವನ್ನೇ ಈ ದೇಶ ಹಿಡಿದಿಟ್ಟುಕೊಂಡಿದೆ. ಇಲ್ಲಿ ವಿಕ್ಟೋರಿಯ ರಾಜ್ಯದಲ್ಲಿ ಅದಕ್ಕೆಂದೇ 1958ರ ಆನ್‌ಜಾಕ್ ದಿನದ ಕಾಯ್ದೆಯಿದೆ. ವರ್ಷದಲ್ಲಿ ಅಂಗಡಿಗಳಿಗೆ ಕಡ್ಡಾಯ ಬಿಡುವು ಎರಡೂವರೆ ದಿನ ಮಾತ್ರ: ಗುಡ್ ಫ್ರೈಡೇ, ಕ್ರಿಸ್‌ಮಸ್, ಈ ಅರ್ಧ ದಿನ. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ 2025ರಿಂದ ದೊಡ್ಡ ಅಂಗಡಿಗಳು ಇಡೀ ದಿನ ಮುಚ್ಚಬೇಕು ಅಂತ ಮಾಡಿದ್ದಾರೆ.

ಔಷಧಿ ಅಂಗಡಿ, ಪೆಟ್ರೋಲ್ ಬಂಕ್, ಹೋಟೆಲು, ಸಣ್ಣಪುಟ್ಟ ಅಂಗಡಿಗಳಿಗೆ ಈ ಕಟ್ಟಳೆ ಇಲ್ಲ. ಮನೆಯಿಂದ ಎರಡು ತಿರುವು ದಾಟಿದರೆ ಸಿಗುವ ಬೇಕರಿಯೂ ಆ ಲೆಕ್ಕದ್ದೇ. ಗಂಡ, ಹೆಂಡತಿ, ಅವರ ಮಗ, ಕೆಲಸಕ್ಕೆ ಇಬ್ಬರು ಹುಡುಗಿಯರು, ಅಷ್ಟೇ ಜನ. ವಿಯೆಟ್ನಾಂ ಮೂಲದವರು. ಹಾಲಿಗೆ ಅಲ್ಲಿಗೆ ಹೋದರೆ ಅದರ ಗಾಜಿನ ಬಾಗಿಲೂ ಹಾಕಿತ್ತು. ಕೈಬರಹದ ಒಂದು ಚೀಟಿ ಅಂಟಿಸಿದ್ದರು. 'ಇಂದು ಮಧ್ಯಾಹ್ನ 1ರಿಂದ' ಅಂತ ಅದರ ಅರ್ಥ. ಮೂಲೆಯಲ್ಲಿ ರೋಸ್‌ಮೇರಿಯ ಒಂದು ಕುಡಿಯನ್ನು ಟೇಪು ಹಾಕಿ ಸಿಕ್ಕಿಸಿದ್ದರು. ಗಲ್ಲಿಪೋಲಿಯ ಗುಡ್ಡಗಳಲ್ಲಿ ಆ ಗಿಡ ಕಾಡಾಗಿ ಬೆಳೆಯುತ್ತದಂತೆ, ಅದಕ್ಕೇ ಈ ದಿನ ಎಲ್ಲರೂ ಎದೆಗೆ ಅದನ್ನು ಚುಚ್ಚಿಕೊಳ್ಳುತ್ತಾರೆ.

ಬೇಕರಿ ಇಟ್ಟವನಿಗೆ ಆ ಚೀಟಿಯ ಬೆಲೆ ತಿಳಿಯುತ್ತದೆ. ರಜೆ ದಿನದ ಬೆಳಗಿನ ವ್ಯಾಪಾರವೆಂದರೆ ಮಾಮೂಲಿ ದಿನದ ಎರಡರಷ್ಟು. ದೊಡ್ಡ ಅಂಗಡಿಗಳೆಲ್ಲ ಮುಚ್ಚಿದ್ದ ದಿನ, ಅಕ್ಕಪಕ್ಕದ ಬೀದಿಗಳ ಬ್ರೆಡ್ಡಿನ ಗಿರಾಕಿಯೆಲ್ಲ ಇವರ ಬಾಗಿಲಿಗೇ ಬರುತ್ತಿತ್ತು. ತೆಗೆಯಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ತೆಗೆಯಲಿಲ್ಲ.

ಒಂದಕ್ಕೆ ಸರಿಯಾಗಿ ಮಗಳನ್ನು ಕರೆದುಕೊಂಡು ಹೋದೆ. ಆಗಲೇ ಹತ್ತು ಹನ್ನೆರಡು ಜನ ಸಾಲು ನಿಂತಿದ್ದರು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಬ್ರೆಡ್ಡಿನ ವಾಸನೆಯಲ್ಲ. ಮಲೆನಾಡಿನ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಬರುವಂಥ ವಾಸನೆ, ಅದರ ಹಿಂದೆ ಹುರಿದ ಕೊಬ್ಬರಿ. ಗಲ್ಲಾಪೆಟ್ಟಿಗೆಯ ಪಕ್ಕ ದೊಡ್ಡ ಟ್ರೇಯಲ್ಲಿ ಬಿಸ್ಕತ್ತು ಇನ್ನೂ ಬೆಚ್ಚಗಿತ್ತು. ಅಂಗೈ ಅಗಲ, ಕಿರುಬೆರಳಿನಷ್ಟು ದಪ್ಪ, ಮೇಲೆಲ್ಲ ಬಿರುಕು. ಒಂದಕ್ಕೆ ಎರಡೂವರೆ ಡಾಲರ್. ಆರು ತೆಗೆದುಕೊಂಡೆ.

ತಳ ನೋಡಿದೆ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ, ಹದವಾಗಿ ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣ. ಮುರಿದರೆ ಅಂಚು ಟಕ್ಕೆಂದಿತು, ನಡುಭಾಗ ಮಾತ್ರ ಬಾಗಿ ನಿಧಾನಕ್ಕೆ ಬಿಟ್ಟುಕೊಂಡಿತು. ಮುರಿದ ಕಡೆ ಓಟ್ಸಿನ ಚಪ್ಪಟೆ ಕಾಳುಗಳು ಒಂದೊಂದಾಗಿ ಕಾಣುತ್ತಿದ್ದವು, ಅವುಗಳ ನಡುವೆ ಪಾಕ ಹೊಳೆಯುತ್ತಿತ್ತು. ಬಾಯಿಗಿಟ್ಟರೆ ಮೊದಲು ಬೆಣ್ಣೆ, ಆಮೇಲೆ ಸಿಹಿ, ಜಗಿಯುತ್ತಾ ಹೋದಂತೆ ಕೊಬ್ಬರಿ. ಈ ಬಿಸ್ಕತ್ತು ಗರಿಗರಿ ಇರಬೇಕೋ ಮೆತ್ತಗಿರಬೇಕೋ ಅಂತ ಇಲ್ಲಿನ ಮನೆಮನೆಯಲ್ಲೂ ವಾದ ಇದೆಯಂತೆ. ಇವರು ಒಂದೇ ಬಿಸ್ಕತ್ತಿನಲ್ಲಿ ಎರಡನ್ನೂ ಕೂಡಿಸಿದ್ದಾರೆ. ಪಾಕದ ಅಳತೆ ಒಂದು ಚಮಚ ಹೆಚ್ಚುಕಡಿಮೆಯಾದರೆ ಇದು ಬರುವುದಿಲ್ಲ.

ಜನ ಕರಗಿದ ಮೇಲೆ ಮಾಲೀಕರ ಹತ್ತಿರ ಮಗಳ ಕೈಲಿ ಕೇಳಿಸಿದೆ. ನಾನೂ ಬೇಕರಿಯವನು ಅಂತ ಗೊತ್ತಾದ ಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು ಈಚೆಗೆ ಬಂದರು. ಒಂದು ಕಪ್ ಓಟ್ಸ್, ಒಂದು ಕಪ್ ಮೈದಾ, ಒಂದು ಕಪ್ ಸಕ್ಕರೆ, ಮುಕ್ಕಾಲು ಕಪ್ ಒಣಕೊಬ್ಬರಿ ತುರಿ. 125 ಗ್ರಾಂ ಬೆಣ್ಣೆಯನ್ನು ಎರಡು ದೊಡ್ಡ ಚಮಚ ಗೋಲ್ಡನ್ ಸಿರಪ್ ಜೊತೆ ಕರಗಿಸಬೇಕು. ಗೋಲ್ಡನ್ ಸಿರಪ್ ಅಂದರೆ ಸಕ್ಕರೆ ಕಾರ್ಖಾನೆಯ ಹೊಂಬಣ್ಣದ ಪಾಕ, ನಮ್ಮ ಜೋನಿಬೆಲ್ಲದ ದೂರದ ನೆಂಟ ಅನ್ನಬಹುದು. ಅಡುಗೆ ಸೋಡಾವನ್ನು ಕುದಿಯುವ ನೀರಿನಲ್ಲಿ ಕದಡಿ ಆ ಬಿಸಿ ಬೆಣ್ಣೆಗೆ ಸುರಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ. ಆ ನೊರೆ ಇಳಿಯುವ ಮೊದಲೇ ಹಿಟ್ಟಿಗೆ ಬೆರೆಸಿಬಿಡಬೇಕು. ಮೊಟ್ಟೆ ಇಲ್ಲ. ಮೊಟ್ಟೆ ಇಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ಕಡೆಯ ಅಯ್ಯಂಗಾರ್ ಬೇಕರಿಗಳಲ್ಲಿ ಬೆಳೆದವನಿಗೆ ಮೊಟ್ಟೆಯಿಲ್ಲದ ಬೇಕಿಂಗ್ ಅಂದರೆ ಮನೆಗೆ ಬಂದ ಹಾಗೆ. ಮಡಿ ನೋಡುವ ನನ್ನ ಹೆಂಡತಿಯೂ ಒಂದು ತಿಂದಳು.

ಆ ಪಟ್ಟಿಯಿಂದ ಯಾಕೆ ಆಚೀಚೆ ಹೋಗುವುದಿಲ್ಲ ಅಂದರೆ, ಅದಕ್ಕೂ ಕಾನೂನಿದೆ. ಆನ್‌ಜಾಕ್ ಎಂಬ ಪದವನ್ನೇ ಕಾಪಾಡುವ ನಿಯಮಗಳನ್ನು ಆಸ್ಟ್ರೇಲಿಯ 1921ರಲ್ಲಿ ಮಾಡಿತು. ಅನುಮತಿ ಇಲ್ಲದೆ ಆ ಹೆಸರನ್ನು ಅಂಗಡಿಗೆ, ಸರಕಿಗೆ ಇಡುವಂತಿಲ್ಲ. ಬಿಸ್ಕತ್ತಿಗೆ ಒಪ್ಪಿಗೆ ಕೊಡುವುದೂ ಹಳೆಯ ಪಾಕವಿಧಾನ, ಹಳೆಯ ಆಕಾರ ಉಳಿಸಿಕೊಂಡರೆ ಮಾತ್ರ. 'ಬಿಸ್ಕತ್ತು' ಅನ್ನಬೇಕು, 'ಕುಕಿ' ಅನ್ನಬಾರದು. ಬಾದಾಮಿ ಸುರಿದು, ಚಾಕೊಲೇಟು ಬಳಿದು ಅದೇ ಹೆಸರಲ್ಲಿ ಮಾರುವ ಹಾಗಿಲ್ಲ.

ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಬೆಣ್ಣೆ ಬಿಸ್ಕತ್ತು ಅಂತ ಹೆಸರಿಟ್ಟು ಒಳಗೆ ವನಸ್ಪತಿ ಹಾಕುವ ಬೇಕರಿಗಳನ್ನು ಕಂಡಿದ್ದೇನೆ. ಬೆಣ್ಣೆಯ ರೇಟು ಏರಿದ ಒಂದು ವರ್ಷ ನಾನೂ ಅರ್ಧಕ್ಕರ್ಧ ಬೆರೆಸಿದ್ದೆ, ಬೋರ್ಡು ಮಾತ್ರ ಬದಲಿಸಲಿಲ್ಲ. ಹಳೆಯ ಗಿರಾಕಿಯೊಬ್ಬರು ಒಂದು ತುಂಡು ತಿಂದು, ಉಳಿದದ್ದನ್ನು ಪೊಟ್ಟಣದ ಸಮೇತ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಏನೂ ಹೇಳದೆ ಹೋದರು. ಅದು ಇವತ್ತಿಗೂ ಚುಚ್ಚುತ್ತದೆ. ಹೆಸರಿನ ಹಿಂದೆ ಸತ್ತವರಿರುವಾಗ ಅಳತೆ ತಪ್ಪದ ಹಾಗೆ ಸರ್ಕಾರವೇ ಕಾವಲು ನಿಂತಿರುವುದು ಸರಿ ಅಂತ ನನ್ನ ಮನಸ್ಸಿಗೆ ಪೂರ್ತಿ ಒಪ್ಪಿದೆ.

ಸಿಪಾಯಿಗಳು ಗಲ್ಲಿಪೋಲಿಯಲ್ಲಿ ತಿಂದದ್ದು ಇದನ್ನಲ್ಲ, ಆ ವಿಷಯವೂ ಗೊತ್ತಿರಲಿ. ಅವರಿಗೆ ಸಿಗುತ್ತಿದ್ದದ್ದು ಕಲ್ಲಿನಂಥ ರೇಷನ್ ಬಿಸ್ಕತ್ತು. ಹಲ್ಲಿಗೆ ಆಗದೆ ಅದನ್ನು ಕುಟ್ಟಿ ಪುಡಿ ಮಾಡಿ ಗಂಜಿ ಕಾಯಿಸಿಕೊಳ್ಳುತ್ತಿದ್ದರು. ಕೆಲವರು ಅದರ ಮೇಲೇ ಕಾಗದ ಬರೆದು ಮನೆಗೆ ಕಳಿಸಿದ್ದುಂಟು. ಓಟ್ಸಿನ ಈ ಸಿಹಿ ಬಿಸ್ಕತ್ತು ಊರಲ್ಲಿದ್ದ ಹೆಂಗಸರದು, ಮಾರಿ ಯುದ್ಧನಿಧಿಗೆ ದುಡ್ಡು ಕೂಡಿಸಿದರು. ಕೊಬ್ಬರಿ ಸೇರಿದ್ದು ಇನ್ನೂ ಆಮೇಲೆ.

ಬೆಳಿಗ್ಗೆ ಯಾಕೆ ತೆಗೆಯಲಿಲ್ಲ ಅಂತ ಕೇಳಿಸಿದೆ. ಮಾಲೀಕರು ಗೋಡೆ ಕಡೆ ತೋರಿಸಿದರು. ಕಪ್ಪುಬಿಳುಪು ಫೋಟೊ, ಸಮವಸ್ತ್ರದಲ್ಲಿ ಎಳೆಯ ಮುಖ. ಅವರ ತಂದೆ ದಕ್ಷಿಣ ವಿಯೆಟ್ನಾಂ ಸೈನ್ಯದಲ್ಲಿದ್ದವರು. ಆಸ್ಟ್ರೇಲಿಯದ ಸೈನಿಕರು ಅಲ್ಲಿಗೆ ಬಂದು ಇವರ ಜೊತೆ ಕಾದಾಡಿದ್ದರಿಂದ, ಆ ಸೈನ್ಯದ ಹಿರಿಯರೂ ಈ ದಿನದ ಮೆರವಣಿಗೆಯಲ್ಲಿ ನಡೆಯುತ್ತಾರೆ. ತಂದೆಗೆ ಈಗ ನಡೆಯಲಾಗುವುದಿಲ್ಲ, ಗಾಲಿಕುರ್ಚಿ. ಬೆಳಿಗ್ಗೆ ಮಾಲೀಕರೇ ತಳ್ಳಿಕೊಂಡು ಹೋಗಿದ್ದರು. "ಅಪ್ಪ ಅಲ್ಲಿರೋವಾಗ ನಾನಿಲ್ಲಿ ಬ್ರೆಡ್ ಮಾರಕ್ಕಾಗಲ್ಲ ಅಂತಿದ್ದಾರಪ್ಪಾ" ಅಂದಳು ನನ್ನ ಮಗಳು. ಹಿಟ್ಟನ್ನು ರಾತ್ರಿಯೇ ಕಲಸಿಟ್ಟು, ಬಂದ ಮೇಲೆ ಭಟ್ಟಿ ಹಚ್ಚಿದ್ದರು. ಬಿಸ್ಕತ್ತು ಬೆಚ್ಚಗಿದ್ದದ್ದು ಅದಕ್ಕೆ.

ಆಮೇಲೆ ಅವರೇ ನನ್ನನ್ನು ಕೇಳಿದರು: ನಿಮ್ಮ ಊರಿನಲ್ಲಿ ಯಾವ ದಿನ?

ಉತ್ತರ ಬಾಯಿಗೆ ಬರಲಿಲ್ಲ. ಮನೆಗೆ ಬಂದು ಅಳಿಯನ ಜೊತೆ ಕೂತು ಓದಿದೆ. ಗಲ್ಲಿಪೋಲಿಯಲ್ಲಿ ಸುಮಾರು 15,000 ಭಾರತೀಯ ಸೈನಿಕರಿದ್ದರು. ಸಿಖ್ಖರು, ಗೂರ್ಖಾಗಳು, ಹೇಸರಗತ್ತೆ ಮೇಲೆ ನೀರು ಮದ್ದುಗುಂಡು ಸಾಗಿಸಿದವರು. ಇಳಿದ ಮೊದಲ ದಿನವೇ ಆನ್‌ಜಾಕ್ ಪಡೆಯ ಜೊತೆ ಭಾರತದ ಬೆಟ್ಟದ ಫಿರಂಗಿ ದಳ ದಡ ಮುಟ್ಟಿತ್ತು. ಮೂರು ವರ್ಷದ ನಂತರ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಕುದುರೆ ಏರಿ, ಈಟಿ ಹಿಡಿದು, ಮಷಿನ್‌ಗನ್ನುಗಳ ಎದುರಿಗೆ ನುಗ್ಗಿ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದರು. ಅವರ ತುಕಡಿ ಸೇರಿದ್ದ ದೊಡ್ಡ ಅಶ್ವದಳದ ದಂಡನಾಯಕ ಹ್ಯಾರಿ ಶೋವೆಲ್, ಆಸ್ಟ್ರೇಲಿಯದವರು. ನಮ್ಮ ಮೈಸೂರಿನ ಸವಾರರೂ ಈ ದೇಶದ ಸವಾರರೂ ಒಬ್ಬನೇ ಸೇನಾಪತಿಯ ಕೈಕೆಳಗಿದ್ದವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರು ಲ್ಯಾನ್ಸರ್‌ನದು.

ಆ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕ ಇರುವುದು ನಮ್ಮ ಜೆ.ಸಿ. ನಗರದಲ್ಲಿ. 31 ವರ್ಷ, ದಿನಾ ಬೆಳಗಿನ ಜಾವ ನಾಲ್ಕಕ್ಕೆ ಭಟ್ಟಿ ಹಚ್ಚಲು ಹೋಗುವಾಗ ಅದರ ಮುಂದೆಯೇ ಸೈಕಲ್ ತುಳಿದಿದ್ದೇನೆ. ಆಮೇಲೆ ಸ್ಕೂಟರ್. ಒಂದು ದಿನವೂ ನಿಂತು ಓದಿದವನಲ್ಲ.

ಬೇಕರಿಯ ಬಗ್ಗೆ ಉಳಿದ ಮಾತು. ಬ್ರೆಡ್ ಚೆನ್ನಾಗಿದೆ, ಉದ್ದನೆಯ ರೋಲು ಇನ್ನೂ ಚೆನ್ನಾಗಿದೆ. ಕಾಫಿ ನಮ್ಮ ನಾಲಿಗೆಗೆ ನೀರು ನೀರು. ಕೂರಲು ಎರಡೇ ಕುರ್ಚಿ. ಬಿಸ್ಕತ್ತಿಗೆ ಬರಿಯ ಕಾಗದದ ಚೀಲ ಕೊಡುತ್ತಾರೆ, ಮನೆಗೆ ಬರುವಷ್ಟರಲ್ಲಿ ಬೆಣ್ಣೆ ಹೀರಿ ತಳ ಸಡಿಲವಾಗುತ್ತದೆ, ಡಬ್ಬಿ ತೆಗೆದುಕೊಂಡು ಹೋಗಿ. ಸಿಹಿ ನಮಗೆ ಒಂದು ಪಟ್ಟು ಜಾಸ್ತಿಯೇ, ಸಕ್ಕರೆ ಕಾಯಿಲೆಯವರು ಅರ್ಧಕ್ಕೆ ನಿಲ್ಲಿಸಬೇಕು. ಸೂಪರ್ ಮಾರ್ಕೆಟ್‌ನ ಡಬ್ಬಿ ಬಿಸ್ಕತ್ತನ್ನೂ ಹಿಂದಿನ ವಾರ ತಿಂದಿದ್ದೆ. ಅದು ಪೂರ್ತಿ ಗರಿಗರಿ, ಕೊಬ್ಬರಿ ವಾಸನೆ ಕಡಿಮೆ. ಆದರೆ ನಿವೃತ್ತ ಸೈನಿಕರ ಸಂಘದ ಹೆಸರಿನ ಡಬ್ಬಿಯಾದರೆ ದುಡ್ಡಿನ ಒಂದು ಪಾಲು ಅವರ ನೆರವಿಗೆ ಹೋಗುತ್ತದೆ, ಊರಿಗೆ ಒಯ್ಯಲು ಅದೇ ವಾಸಿ.

ಹೋದ ಭಾನುವಾರ ಮಗಳ ಅಡುಗೆಮನೆಯಲ್ಲಿ ಗೋಲ್ಡನ್ ಸಿರಪ್ ಬದಲು ತೀರ್ಥಹಳ್ಳಿಯ ಜೋನಿಬೆಲ್ಲ ಹಾಕಿ ಒಂದು ಟ್ರೇ ಮಾಡಿದೆ. ಹರಡಿಕೊಂಡಿತು. ಬೆಲ್ಲದಲ್ಲಿ ನೀರಿನಂಶ ಹೆಚ್ಚು, ಸೋಡಾ ಕದಡುವ ನೀರನ್ನು ಅರ್ಧ ಚಮಚಕ್ಕೆ ಇಳಿಸಿದ ಮೇಲೆ ನಿಂತಿತು. ಬಣ್ಣ ಒಂದು ಕೈ ಗಾಢ, ರುಚಿ ನಮ್ಮದು. ಅಳತೆಯನ್ನು ಫೋನಿನಲ್ಲಿ ಮಗನಿಗೆ ಬರೆಸಿದ್ದೇನೆ. ಸೆಪ್ಟೆಂಬರ್ 23ಕ್ಕೆ ನಾನು ಊರಿನಲ್ಲಿರುತ್ತೇನೆ. ಆ ದಿನ ಬೆಳಿಗ್ಗೆ ಅಂಗಡಿ ತೆಗೆಯುವುದು ಬೇಡ, ಇಬ್ಬರೂ ಮೊದಲು ಸ್ಮಾರಕದ ಹತ್ತಿರ ಹೋಗೋಣ, ಬಂದ ಮೇಲೆ ಭಟ್ಟಿ ಹಚ್ಚೋಣ ಅಂದೆ. "ಆಯ್ತಪ್ಪಾ, ಹಾಲಿನವನಿಗೆ ಹೇಳ್ತೀನಿ" ಅಂದ. ಆ ಬಿಸ್ಕತ್ತಿಗೆ ಆನ್‌ಜಾಕ್ ಅಂತ ಹೆಸರಿಡುವುದಿಲ್ಲ, ಅದು ಅವರದು. ಬೇರೆ ಹೆಸರು ಯೋಚಿಸುತ್ತಿದ್ದೇನೆ.