ಕುಕ್ಕರಗಾಲಿನಲ್ಲಿ ಕೂತರೂ ಹರಿಯದ ಕಾರ್ಗೋ ಚಡ್ಡಿ

ಬಳ್ಳಾರಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ತಗಡಿನ ಶೆಡ್ಡು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಎಷ್ಟಿರುತ್ತದೋ ಅಳೆಯಲು ಹೋಗಿಲ್ಲ, ಗೊತ್ತಾದರೆ ಇನ್ನೂ ಜಾಸ್ತಿ ಸೆಕೆ ಆದೀತು. ನನ್ನ ತೂಕ 118 ಕೆಜಿ, ಸೊಂಟ 46 ಇಂಚು. ಪ್ಯಾಂಟ್ ಹಾಕಿಕೊಂಡು ನೆಲದ ಮೇಲೆ ಕೂತು ತಂತಿ ಸುತ್ತುವುದು ಆಗದ ಮಾತು. ಲುಂಗಿ ಹಗುರ, ನಿಜ. ಆದರೆ ತಿರುಗುವ ಮೋಟಾರಿನ ಪಕ್ಕ ಲುಂಗಿ ಉಟ್ಟು ನಿಲ್ಲುವ ಧೈರ್ಯ ನನಗಿಲ್ಲ. ಮೇಲಾಗಿ ಅದಕ್ಕೆ ಜೇಬಿಲ್ಲ. ಟೆಸ್ಟರ್, ಕಟಿಂಗ್ ಪ್ಲೇಯರ್, ತಂತಿಯ ಗೇಜ್, ಫೋನು, ಲೆಕ್ಕ ಬರೆಯುವ ಸಣ್ಣ ಪುಸ್ತಕ ಇಷ್ಟಕ್ಕೂ ಜಾಗ ಬೇಕು. ಹಾಗಾಗಿ ಕಾರ್ಗೋ ಚಡ್ಡಿಯೇ ಆಗಬೇಕು.

ತಮಾಷೆ ನೋಡಿ. ನಮ್ಮ ಊರು ಜೀನ್ಸ್‌ಗೆ ಹೆಸರಾದ ಊರು. ಗಲ್ಲಿಗಲ್ಲಿಯಲ್ಲೂ ಹೊಲಿಗೆ ಯಂತ್ರದ ಸದ್ದು. ಇಲ್ಲಿ ಹೊಲಿದ ಪ್ಯಾಂಟ್‌ಗಳು ಬೇರೆ ರಾಜ್ಯಗಳಿಗೂ ಹೋಗುತ್ತವೆ. ಅಂಥ ಊರಲ್ಲಿದ್ದುಕೊಂಡು ನನಗಾಗುವ ಒಂದು ಚಡ್ಡಿಗಾಗಿ ಎರಡು ವರ್ಷ ಅಲೆದೆ.

ಮೊದಲು ಆನ್‌ಲೈನ್‌ನಲ್ಲಿ ತರಿಸಿದೆ. ತ್ರಿಬಲ್ ಎಕ್ಸೆಲ್, 1,299 ರೂಪಾಯಿ. ಸೊಂಟ ಸರಿಯಾಗಿ ಕೂತಿತು, ಖುಷಿಯಾದೆ. ನಾಲ್ಕನೇ ದಿನ ಸಿರುಗುಪ್ಪ ಕಡೆಯ ರೈತರೊಬ್ಬರು ಪಂಪ್ ತಂದಿದ್ದರು. ಅದನ್ನು ಎತ್ತಲು ಬಗ್ಗಿದೆ. ಹಿಂದೆ ಪರ್ ಅಂತ ಸದ್ದು. ಆ ಪುಣ್ಯಾತ್ಮ ರಸ್ತೆ ಕಡೆ ಮುಖ ತಿರುಗಿಸಿ ಭತ್ತದ ರೇಟು ಮಾತಾಡತೊಡಗಿದರು. ನಾನು ಗೋಡೆಗೆ ಬೆನ್ನು ಕೊಟ್ಟು "ಹೌದಾ, ಹೌದಾ" ಅನ್ನುತ್ತಾ ಒಳಗೆ ಸರಿದೆ.

ಆಮೇಲೆ ಒಂದು ದೊಡ್ಡ ಅಂಗಡಿಗೆ ಹೋದೆ. 46 ಕೇಳಿದರೆ ಹುಡುಗ ಇಡೀ ಅಂಗಡಿಗೆ ಕೇಳುವಂತೆ "ಅಂಕಲ್‌ಗೆ ದೊಡ್ಡ ಸೈಜ್ ಇದೆಯಾ ನೋಡ್ರೋ" ಅಂತ ಕೂಗಿದ. ಇತ್ತು. ಹಾಕಿಕೊಂಡರೆ ಮೊಣಕಾಲು ದಾಟಿ ಕೆಳಗೆ ಬಂತು. ಸೊಂಟ ದೊಡ್ಡದು ಮಾಡುವಾಗ ಉದ್ದವನ್ನೂ ಎಳೆದುಬಿಡುತ್ತಾರೆ. ದಪ್ಪಗಿರುವವರೆಲ್ಲ ಎತ್ತರವಾಗಿಯೂ ಇರುತ್ತಾರೆ ಅಂತ ಇವರಿಗೆ ಹೇಳಿದವರು ಯಾರು? ನಾನು ಐದಡಿ ಆರಿಂಚು. ಕನ್ನಡಿಯಲ್ಲಿ ನೋಡಿಕೊಂಡರೆ ಅಣ್ಣನ ಬಟ್ಟೆ ಹಾಕಿಕೊಂಡ ತಮ್ಮನ ಹಾಗೆ ಕಂಡೆ.

ಟೀ ಶರ್ಟ್ ಬಟ್ಟೆಯ, ಪೂರ್ತಿ ಎಲಾಸ್ಟಿಕ್ ಇರುವ ಚಡ್ಡಿಯನ್ನೂ ನೋಡಿದ್ದಾಯಿತು. ರಾತ್ರಿ ಮಲಗಲು ಅದಕ್ಕಿಂತ ಸುಖ ಇಲ್ಲ. ಆದರೆ ಜೇಬಿಗೆ ಪ್ಲೇಯರ್ ಹಾಕಿದರೆ ಚಡ್ಡಿಯೇ ಕೆಳಗಿಳಿಯುತ್ತದೆ. ಎಲಾಸ್ಟಿಕ್ ಸುರುಳಿ ಸುತ್ತಿ ಹೊಟ್ಟೆ ಕೆಳಗೆ ಹಗ್ಗದ ಹಾಗೆ ಕೂರುತ್ತದೆ.

ಕೊನೆಗೆ ಹೆಂಡತಿ ಹೇಳಿದಳು: "ಊರೆಲ್ಲ ಟೈಲರ್‌ಗಳು, ನೀವು ಕೊರಿಯರ್ ಹುಡುಗನ ದಾರಿ ಕಾಯ್ತೀರಲ್ಲ." ಸರಿ ಅಂತ ಕೌಲ್ ಬಜಾರಿನ ಒಂದು ಸಣ್ಣ ಅಂಗಡಿಗೆ ಹೋದೆ. ಎರಡೇ ಯಂತ್ರ. ಮಾಸ್ಟರ್ ಮೊದಲು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಡುತ್ತಿದ್ದವರು. ನಾನು ಬರೆಯಬೇಕೆಂದುಕೊಂಡದ್ದು ಇವರು ಹೊಲಿದ ಚಡ್ಡಿಯ ಬಗ್ಗೆಯೇ. ಮೇಲಿನದೆಲ್ಲ ಸುಮ್ನೆ ಹೊಟ್ಟೆಯುರಿ.

ನಿಂತಾಗ ಅಳತೆ ತೆಗೆದುಕೊಂಡರು. ಸೊಂಟ 46, ಸೀಟ್ 50, ತೊಡೆ 29. ಮುಗೀತು ಅಂದುಕೊಂಡು ಹೊರಟೆ. "ಎಲ್ಲಿಗೆ ಹೋಗ್ತೀರಿ ಅಣ್ಣಾ, ಈಗ ಕೂತ್ಕೊಳ್ಳಿ" ಅಂದರು. ಸ್ಟೂಲಿನ ಮೇಲೆ ಕೂರಿಸಿ ಮತ್ತೆ ಟೇಪ್ ಸುತ್ತಿದರು. ಸೊಂಟ 48, ತೊಡೆ 31. ಟೇಪನ್ನು ಹಾಗೇ ಹಿಡಿದು ನನಗೆ ತೋರಿಸಿದರು. "ಈ ಎರಡಿಂಚು ಬಟ್ಟೆ ಕೊಡಬೇಕು. ಕೊಡದಿದ್ದರೆ ಹೊಲಿಗೆ ಕೊಡುತ್ತೆ."

ನಲವತ್ಮೂರು ವರ್ಷದಲ್ಲಿ ನನ್ನನ್ನು ಕೂರಿಸಿ ಅಳತೆ ತೆಗೆದವರು ಇವರೊಬ್ಬರೇ.

ಅವರು ಮಾಡಿದ ಮುಖ್ಯ ಕೆಲಸ ಕಾಲುಗಳ ನಡುವೆ ಇದೆ. ಮಾಮೂಲಿ ಚಡ್ಡಿಯಲ್ಲಿ ನಾಲ್ಕು ಕಡೆಯ ಹೊಲಿಗೆ ಬಂದು ಒಂದೇ ಬಿಂದುವಿನಲ್ಲಿ ಸೇರುತ್ತದೆ. ಕೂತಾಗ ಎಲ್ಲ ಎಳೆತವೂ ಆ ಗಂಟಿನ ಮೇಲೆಯೇ. ಇವರು ಅಲ್ಲಿ ಒಂದು ತುಂಡು ಬಟ್ಟೆ ಸೇರಿಸಿದರು. ಕೊಬ್ಬರಿ ಮಿಠಾಯಿ ಕತ್ತರಿಸುತ್ತಾರಲ್ಲ, ಆ ಆಕಾರ. ಈಗ ಎಳೆತ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ತೊಡೆ ತೊಡೆ ಉಜ್ಜುವ ಜಾಗದಲ್ಲಿ ದಪ್ಪ ಹೊಲಿಗೆಯೂ ಬರುವುದಿಲ್ಲ. ನನ್ನಂಥವರಿಗೆ ಬೇಸಿಗೆಯಲ್ಲಿ ಆ ಉರಿ ಏನು ಅಂತ ಗೊತ್ತು. ಪೌಡರ್, ಕೊಬ್ಬರಿ ಎಣ್ಣೆ ಎಲ್ಲ ಮಾಡಿ ಸೋತಿದ್ದೆ. ಕಾಲಿನ ಒಳಗಿನ ಉದ್ದವನ್ನೂ 10 ಇಂಚು ಇಟ್ಟಿದ್ದಾರೆ, ನಡೆದಾಗ ಮೇಲೇರುವುದಿಲ್ಲ. ಹಿಂಭಾಗವನ್ನು ಮುಂಭಾಗಕ್ಕಿಂತ ಎತ್ತರ ಕತ್ತರಿಸಿದ್ದಾರೆ. ಕುಕ್ಕರಗಾಲಿನಲ್ಲಿ ಕೂತರೆ ಬೆನ್ನಿಗೆ ಗಾಳಿ ಬೀಸುವ ಅವಮಾನ ಇಲ್ಲ. ಸೊಂಟದಲ್ಲಿ ಮುಂದೆ ಪಟ್ಟಿ, ಹಿಂದೆ ಮಾತ್ರ ಎಲಾಸ್ಟಿಕ್, ಒಳಗೊಂದು ಲಾಡಿ.

ಬಟ್ಟೆ ನೂರಕ್ಕೆ 98 ಹತ್ತಿ, 2 ಲೈಕ್ರಾ, ಅಂದರೆ ಹಿಗ್ಗುವ ನೂಲು. ಇಷ್ಟು ಸಾಕು. ಇಂಥ ಬಟ್ಟೆಯಲ್ಲಿ ಲೈಕ್ರಾ ಸಾಮಾನ್ಯವಾಗಿ ಹೊಕ್ಕಿನಲ್ಲಿ, ಅಂದರೆ ಅಡ್ಡ ಎಳೆಯಲ್ಲಿರುತ್ತದೆ, ಹಾಗಾಗಿ ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಕತ್ತರಿಸುವಾಗ ಆ ಅಡ್ಡ ತೊಡೆ ಸುತ್ತ ಬರಬೇಕು. ಬಟ್ಟೆ ಕೊಳ್ಳುವಾಗ ಎರಡೂ ಕಡೆ ಎಳೆದು ನೋಡಿ. ಹೊಲಿಯುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿದರೆ ಆಮೇಲೆ ಕುಗ್ಗುವ ಭಯ ಕಡಿಮೆ. ಒಂದೂವರೆ ಮೀಟರ್ ಬೇಕಾಯಿತು. ಮೀಟರಿಗೆ 280ರಂತೆ 420, ಹೊಲಿಗೆ 350. ಒಟ್ಟು 770 ರೂಪಾಯಿ.

ಜೇಬಿನ ವಿಷಯಕ್ಕೆ ನಮ್ಮಿಬ್ಬರಿಗೂ ಸಣ್ಣ ಜಗಳವೇ ಆಯಿತು. ಮಾಸ್ಟರ್‌ಗೆ ಮುಚ್ಚಳಕ್ಕೆ ವೆಲ್ಕ್ರೋ ಹಾಕುವ ಆಸೆ. ನನ್ನ ಅಂಗಡಿಯಲ್ಲಿ ವೆಲ್ಕ್ರೋ ಅಂದರೆ ತಾಮ್ರದ ಚೂರು, ದಾರದ ನೂಲು ಎಲ್ಲವನ್ನೂ ಬಾಚಿಕೊಳ್ಳುವ ಪೊರಕೆ. ತಿಂಗಳಲ್ಲಿ ಹಿಡಿತ ಹೋಗುತ್ತದೆ. ಟಿಚ್ ಬಟನ್ನೇ ಆಗಲಿ ಅಂದೆ, ಒಪ್ಪಿದರು. ಪಕ್ಕದ ಜೇಬನ್ನು ಒಂದಿಂಚು ಹಿಂದಕ್ಕೆ ಸರಿಸಿದ್ದು ಅವರದೇ ಯೋಚನೆ. ಮುಂದೆ ಇದ್ದರೆ ಕೂತಾಗ ಪ್ಲೇಯರ್ ತೊಡೆಗೆ ಚುಚ್ಚುತ್ತದೆ, ತೀರ ಹಿಂದೆ ಹೋದರೆ ಅದರ ಮೇಲೆಯೇ ಕೂರಬೇಕಾಗುತ್ತದೆ. ಬಲಗಡೆ ಜೇಬಿನೊಳಗೆ ಟೆಸ್ಟರ್‌ಗೆಂದೇ ಒಂದು ಸಣ್ಣ ಸೀಳು ಜೇಬು ಇದೆ. ಅದನ್ನು ನಾನು ಕೇಳಿಯೇ ಇರಲಿಲ್ಲ.

ಐದು ತಿಂಗಳಾಯಿತು. ವಾರಕ್ಕೆ ನಾಲ್ಕು ದಿನ ಹಾಕುತ್ತೇನೆ. ಹೊಲಿಗೆ ಒಂದೂ ಬಿಟ್ಟಿಲ್ಲ. ದೂರುಗಳೂ ಇವೆ. ಮೊದಲ ಎರಡು ಒಗೆತದಲ್ಲಿ ಬಣ್ಣ ಬಿಟ್ಟಿತು. ಪಾಚಿ ಹಸಿರು ಬಣ್ಣ ನನ್ನ ಮೂರು ಬಿಳಿ ಬನಿಯನ್ನಿಗೆ ಹತ್ತಿತು, ಮನೆಯಲ್ಲಿ ಅದರ ಮಾತು ಇನ್ನೂ ನಿಂತಿಲ್ಲ. ಎಡ ಜೇಬಿನಲ್ಲಿ ಫೋನ್ ಇಟ್ಟು ಏಣಿ ಹತ್ತಿದರೆ ಮೊಣಕಾಲ ಪಕ್ಕ ಟಪ್ ಟಪ್ ಅಂತ ಬಡಿಯುತ್ತದೆ. ಲೈಕ್ರಾ ಇರುವುದರಿಂದ ಬಿಸಿನೀರು, ಬ್ಲೀಚ್ ಆಗುವುದಿಲ್ಲ. ವಾರ್ನಿಷ್ ಕಲೆ ಬಿದ್ದರೆ ಅದು ಅಲ್ಲೇ ಇರುತ್ತದೆ, ನಾನು ಬಿಟ್ಟುಬಿಟ್ಟಿದ್ದೇನೆ. ದೊಡ್ಡ ದೂರು ಸಮಯದ್ದು. "ಎಂಟು ದಿನ" ಅಂದಿದ್ದರು, ಕೈಗೆ ಬಂದದ್ದು ಇಪ್ಪತ್ತೆರಡನೇ ದಿನ. ನಡುವೆ ನಾಲ್ಕು ಸಲ ಹೋಗಿ ಟೀ ಕುಡಿದು ಬಂದೆ.

ಮದುವೆ ಮುಂಜಿಗೆ ಇದನ್ನು ಹಾಕಿಕೊಂಡು ಹೋಗಲಾಗದು, ನಮ್ಮಮ್ಮನ ಪ್ರಕಾರ ಬೀದಿಯ ಕೊನೆವರೆಗೂ ಹೋಗಲಾಗದು. ಅದು ಬೇರೆ ವಿಷಯ.

ಯಾವ ಊರಲ್ಲಿದ್ದರೂ, ಜೀನ್ಸ್ ಅಥವಾ ಯೂನಿಫಾರ್ಮ್ ಹೊಲಿದು ಅನುಭವ ಇರುವ ಟೈಲರ್ ಹತ್ತಿರ ಹೋಗಿ. ದಪ್ಪ ಬಟ್ಟೆಗೆ ಎರಡು ಸಾಲು ಹೊಲಿಗೆ ಹಾಕಲು ಅವರಿಗೆ ಬರುತ್ತದೆ. ಹಬ್ಬದ ಹಿಂದಿನ ತಿಂಗಳು ಮಾತ್ರ ಬೇಡ. ಈಗ ನಿಮ್ಮಲ್ಲಿರುವ ಹಳೆಯ ಚಡ್ಡಿ, ಅದೇ ಹರಿದದ್ದು, ಅದನ್ನೂ ಜೊತೆಗೆ ಒಯ್ಯಿರಿ. ನಾನು ಒಯ್ದಿದ್ದೆ. ಮಾಸ್ಟರ್ ಅದನ್ನು ಬೆಳಕಿಗೆ ಹಿಡಿದು, ಹರಿದ ಜಾಗದಲ್ಲಿ ಬೆರಳು ತೂರಿಸಿ, "ಪಂಪ್ ಎತ್ತಿದಿರಾ?" ಅಂದರು.