ಕೇಬಲ್ ನೆಟ್ಟಾ, ಫೋನ್ ಕಂಪನಿ ನೆಟ್ಟಾ?

ಕೇಬಲ್‌ನೋರು ಟೀವಿಗೆ ಅಂತ ಎಳೆದ ದಪ್ಪ ವೈರಲ್ಲೇ ನೆಟ್ ಕೊಡ್ತಾರೆ, ಫೋನ್ ಕಂಪನಿಯೋರು ಮಾತಾಡೋಕೆ ಅಂತ ಹಾಕಿದ್ದ ತೆಳ್ಳನೆ ತಾಮ್ರದ ತಂತೀಲಿ, ಅರ್ಧ ವ್ಯತ್ಯಾಸ ಅಲ್ಲೇ ಇದೆ. ಈ ತಾಮ್ರದ ಫೋನ್ ತಂತೀಲಿ ಬರೋ ನೆಟ್ಟಿಗೆ ಡಿಎಸ್‌ಎಲ್ ಅಂತಾರೆ, ಅದಕ್ಕೆ ದೂರಾನೇ ಶತ್ರು. ಅದರದ್ದೇ ಒಂದು ಬಗೆ ಎಡಿಎಸ್‌ಎಲ್ 2 ಪ್ಲಸ್ ಅಂದ್ರೆ ಪೇಪರ್ ಮೇಲೆ 24 ಎಂಬಿಪಿಎಸ್, ಆದ್ರೆ ಟೆಲಿಫೋನ್ ಎಕ್ಸ್‌ಚೇಂಜಿಂದ ನಾಲ್ಕೈದು ಕಿಲೋಮೀಟರ್ ಆಚೆ ಮನೆ ಇದ್ರೆ ಕಾಲು ಭಾಗ ಸಿಕ್ರೂ ಪುಣ್ಯ.

ಕೇಬಲ್‌ಗೆ ಆ ಕಾಟ ಇಲ್ಲ. ಕೇಬಲ್ ನೆಟ್ಟಿನ ತಂತ್ರಜ್ಞಾನ ಡಾಕ್ಸಿಸ್ 3.1ರಲ್ಲಿ ಡೌನ್‌ಲೋಡ್ 10 ಜಿಬಿಪಿಎಸ್ ತನಕ ಅಂತಾರೆ, ಆದ್ರೆ ಅದು ಅಕ್ಕಪಕ್ಕದ ಎಷ್ಟೋ ಮನೆಯೋರು ಹಂಚ್ಕೊಳ್ಳೋ ಲೆಕ್ಕ, ರಾತ್ರಿ ಒಂಬತ್ತಕ್ಕೆ ಎಲ್ರೂ ವಿಡಿಯೋ ಹಾಕಿದ್ರೆ ನಿಮ್ಮ ಸ್ಕ್ರೀನಲ್ಲಿ ಚಕ್ರ ತಿರುಗ್ತಾ ಕೂತಿರುತ್ತೆ. ವಾಪಸ್ ಕಳ್ಸೋಕೆ ಬಿಟ್ಟಿರೋ ಫ್ರೀಕ್ವೆನ್ಸಿ ಜಾಗ ಚಿಕ್ಕದು, ಹಾಗಾಗಿ ಅಪ್‌ಲೋಡ್ ಕಮ್ಮಿ, ವಿಡಿಯೋ ಕಾಲಲ್ಲಿ ಅವರು ನಿಮಗೆ ನೀಟಾಗಿ ಕಾಣ್ತಾರೆ, ನೀವು ಅವರಿಗೆ ಚೌಕ ಚೌಕವಾಗಿ!

ಫೋನ್ ಕಂಪನಿ ಮನೆವರೆಗೂ ಫೈಬರ್ (ಬೆಳಕಲ್ಲಿ ಡೇಟಾ ಸಾಗಿಸೋ ಗಾಜಿನ ಎಳೆ) ತಂದಿದ್ರೆ ಮಾತ್ರ ಕಥೆನೇ ಬೇರೆ, ಕಣ್ಮುಚ್ಕೊಂಡು ತಗೊಳ್ಳಿ. ಅಲ್ಲೂ ಹಂಚಿಕೆ ಇದೆ ಬಿಡಿ, ಜಿಪಾನ್ (GPON) ಅನ್ನೋ ಫೈಬರ್ ತಂತ್ರಜ್ಞಾನದಲ್ಲಿ ಡೌನ್‌ಲೋಡಿನ 2.5 ಜಿಬಿಪಿಎಸ್‌ನ ಎಷ್ಟೋ ಕಡೆ 32 ಮನೆಗೆ ಹಂಚ್ತಾರೆ, ಆದ್ರೂ ಅಪ್‌ಲೋಡಿಗೆ 1.25 ಇರುತ್ತೆ. ಬರೀ ತಾಮ್ರ ಇದ್ರೆ ನನ್ನ ವೋಟು ಕೇಬಲ್‌ಗೇ. ಒಂದ್ ವಿಷ್ಯ, ಫೈಬರ್ ಅಂತ ಹೇಳಿ ರಸ್ತೆ ಪಕ್ಕದ ಡಬ್ಬದ ತನಕ ಮಾತ್ರ ತಂದಿರ್ತಾರೆ, ಮನೆ ಒಳಗೆ ಬರೋ ವೈರ್ ಯಾವ್ದು ಅಂತ ಮೊದ್ಲೇ ಕೇಳಿ.